ಅಂಚಿನ ಕಡೆ ಕೂತವನು

1966 ನವೆಂಬರ್ 20, ಭಾನುವಾರ. ತೀರ್ಥಹಳ್ಳಿ

ಇಪ್ಪತ್ತೊಂದು ವರ್ಷ ದಿನಾ ಸಂಜೆ ಗಾಡಿ ಪುಸ್ತಕ ಬರೆದ ಕೈ ಇದು. ಎಲ್ಲಿಂದ ಎಲ್ಲಿಗೆ, ಎಷ್ಟು ಮೈಲಿ, ಎಷ್ಟು ಪೆಟ್ರೋಲು. ಈಗ ಗಾಡಿಯೂ ಇಲ್ಲ, ಲೈಸೆನ್ಸೂ ಇಲ್ಲ, ಬರೆಯೋ ಚಟ ಮಾತ್ರ ಬಿಟ್ಟಿಲ್ಲ. ಆರು ಗಂಟೆ ಆಯ್ತು ಅಂದ್ರೆ ಕೈ ತುರಿಸ್ತದೆ. ಅದಕ್ಕೇ ಪುಸ್ತಕದಲ್ಲಿ ಉಳಿದ ಹಾಳೆಗಳಲ್ಲಿ ಇದನ್ನ ಬರೀತಾ ಇದ್ದೀನಿ. ಯಾರೂ ಓದಬೇಕಾಗಿಲ್ಲ. ನನ್ನ ಹೆಂಡತಿ ಬಂಗಾರಿಗೆ ಓದೋಕೆ ಬರಲ್ಲ, ಅದೊಂದು ಅನುಕೂಲ.

ಆದದ್ದು ಇಷ್ಟು. ಅಕ್ಟೋಬರ್ ಮೂರನೇ ತಾರೀಕು ಬೆಳಿಗ್ಗೆ ನಮ್ಮ ಸಾಹುಕಾರರು ಮುಕುಂದಯ್ಯ ಗೌಡರನ್ನ ಡಾಜ್ ಕಾರಲ್ಲಿ ಸಾಗರಕ್ಕೆ ಕರ್ಕೊಂಡು ಹೋಗ್ತಿದ್ದೆ. ಹೊಸನಗರ ದಾಟಿ ಐದಾರು ಮೈಲಿ ಆಗಿತ್ತು. ಒಂದು ತಿರುವು. ಒಬ್ಬ ಹೆಂಗಸು ಬುಟ್ಟಿ ಹೊತ್ಕೊಂಡು ಅಡ್ಡ ಬಂದಳು. ಬಂದಳು ಅಂದ್ರೆ ಬಂದಳು, ಅಷ್ಟೇ. ಗಾಡಿ ಅವಳಿಗೆ ತಾಗಿ, ಹೋಗಿ ಮತ್ತಿಮರಕ್ಕೆ ಗುದ್ದಿತು. ಹೆಂಗಸು ಅಲ್ಲೇ ತೀರಿಕೊಂಡಳು. ಗೌಡರ ಭುಜದ ಮೂಳೆ ಮುರೀತು, ನನ್ನ ಹಣೆಗೆ ಆರು ಹೊಲಿಗೆ. ಕಾರಿನ ಮುಂಭಾಗ ಜಜ್ಜಿ ಮುದ್ದೆಯಾಗಿತ್ತು. ಬ್ರೇಕು ಸರಿ ಇತ್ತು ಅಂತ ಬರ್ಕೊಂಡು ಪೋಲೀಸರು ಅದನ್ನ ವಾಪಸ್ ಬಿಟ್ಟರು, ಗೌಡರು ಶಿವಮೊಗ್ಗದ ಗುಜರಿಯವನಿಗೆ ತೂಕಕ್ಕೆ ಹಾಕಿದ್ರು. ನಾನು ಜಾಮೀನಿನ ಮೇಲೆ ಇದ್ದೀನಿ. ಸಾಗರದ ಕೋರ್ಟಲ್ಲಿ ಕೇಸು ನಡೀತದೆ. ಅಜಾಗರೂಕತೆಯಿಂದ ಓಡಿಸಿ ಸಾವಿಗೆ ಕಾರಣನಾದ ಅಂತ ರುಜುವಾತಾದ್ರೆ ಎರಡು ವರ್ಷದವರೆಗೂ ಜೈಲು.

ಅಜಾಗರೂಕನಂತೆ ನಾನು. ಇಪ್ಪತ್ತೊಂದು ವರ್ಷದಲ್ಲಿ ನನ್ನ ಚಕ್ರಕ್ಕೆ ಒಂದು ಕೋಳಿ ಸಿಕ್ಕಿಲ್ಲ. ರಸ್ತೇಲಿ ನಡೆಯೋಕೆ ಬರದವರೆಲ್ಲ ರಸ್ತೆಗೆ ಇಳಿದ್ರೆ ಡ್ರೈವರಾದವನು ಎಂಥ ಮಾಡ್ಬೇಕು? ಆ ಹೆಂಗಸು ಸತ್ತು ಪಾರಾದಳು, ನಾನು ಬದುಕಿ ಸಾಯ್ತಾ ಇದ್ದೀನಿ.

ನವೆಂಬರ್ 24, ಗುರುವಾರ

ಗೌಡರ ಮನೆಗೆ ಸಾಗರದಿಂದ ವಕೀಲರು ಗಣೇಶಮೂರ್ತಿ ಬಂದಿದ್ರು. ನನ್ನ ಪರವಾಗಿ ಗೌಡರೇ ಇಟ್ಟ ವಕೀಲರು. ಬಾಯಿ ತುಂಬ ಎಲೆಅಡಿಕೆ ಇದ್ರೂ ಮಾತು ಒಂದು ತೊಟ್ಟು ಚೆಲ್ಲಲ್ಲ. ಮ್ಯಾಜಿಸ್ಟ್ರೇಟರು ಹೊಸಬರಂತೆ, ಬಿಜಾಪುರದ ಕಡೆಯ ಬಯಲು ಸೀಮೆಯವರಂತೆ, ನಮ್ಮ ಕಡೆಯ ರಸ್ತೆ ಅಂದ್ರೆ ಹೆಂಗೆ ಅಂತ ಅವರಿಗೆ ಗೊತ್ತಿಲ್ಲವಂತೆ.

"ನೀನು ಬೊಂಬೆ ಕಾರು ಮಾಡ್ತೀಯಂತಲ್ಲ ಹುಲಿಯಪ್ಪ. ಆ ಡಾಜ್ ಕಾರಿಂದೇ ಒಂದು ಮಾಡಿಕೊಡು. ಹಲಗೆ ಮೇಲೆ ಮಣ್ಣಿಂದ ರಸ್ತೆ ಮಾಡಿ, ಕಾರು ಇಟ್ಟು, ಸಾಹೇಬರ ಮೇಜಿನ ಮೇಲೇ ತೋರಿಸೋಣ," ಅಂದ್ರು.

ಬೊಂಬೆ ಅಂದಿದ್ದಕ್ಕೆ ಮೈ ಉರಿದುಹೋಯ್ತು. ನನ್ನ ಗೋಡೆ ಹಲಗೆ ಮೇಲೆ ಹದಿನಾಲ್ಕು ಕಾರಿವೆ. ಎಲ್ಲ ಈ ರಸ್ತೆಗಳಲ್ಲಿ ಓಡಿದ ಹಳೇ ಅಮೇರಿಕದ ಗಾಡಿಗಳೇ. ಟಿ ಮಾಡೆಲ್ ಫೋರ್ಡಿದೆ. ಕೊಪ್ಪದ ಡಾಕ್ಟರ ಇಪ್ಪತ್ತೆಂಟರ ಷೆವ್ರೊಲೆ ಇದೆ. ಆಗುಂಬೆ ಘಾಟಿ ಹತ್ತೋದರೊಳಗೆ ನಾಲ್ಕು ಸಲ ನೀರು ಕುಡೀತಿದ್ದ ಬ್ಯೂಕಿದೆ. ಯುದ್ಧದ ಕಾಲದಲ್ಲಿ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಸಿಕೊಂಡು ಓಡಿದ ಸ್ಟುಡಿಬೇಕರಿಗೆ ಆ ಒಲೆಯನ್ನೂ ಮಾಡಿದ್ದೀನಿ. ಅಡಿಗೊಂದು ಇಂಚು ಲೆಕ್ಕ, ಒಂದು ನೂಲು ಆಚೀಚೆ ಆಗಂಗಿಲ್ಲ. ಬಾಗಿಲು ತೆಗೀತದೆ, ಚಕ್ರ ತಿರುಗ್ತದೆ. ನಾನು ಕೈಯಿಟ್ಟು ಅಳತೆ ತಗೊಳ್ಳದ ಗಾಡಿಯನ್ನ ಮಾಡಲ್ಲ. ಒಂದು ಸಲ ಇಲ್ಲಿನ ಮೇಷ್ಟ್ರೊಬ್ಬರು ಇಂಗ್ಲಿಷ್ ಪತ್ರಿಕೆಯ ಚಿತ್ರ ತಂದು ಇದನ್ನ ಮಾಡಿಕೊಡಪ್ಪ ಅಂದ್ರೆ ಆಗಲ್ಲ ಅಂದಿದ್ದೆ. ಕಣ್ಣಲ್ಲಿ ಕಾಣದ್ದನ್ನ ಮಾಡಿದ್ರೆ ಅದು ನಿಜವಾಗ್ಲೂ ಬೊಂಬೆಯೇ ಆಗ್ತದೆ.

ಡಾಜ್ ಒಂದನ್ನ ಮಾತ್ರ ಮಾಡಿರಲಿಲ್ಲ. ಗಾಡೀನೇ ಕಣ್ಣೆದುರು ನಿಂತಿರುವಾಗ ಅದರ ಮಾದರಿ ಯಾಕೆ ಅಂತ. ಅಳತೆಯೆಲ್ಲ ಬಾಯಲ್ಲೇ ಇದೆ. ಹೂಂ ಅಂದೆ. ನಿಜ ಹೇಳಬೇಕಂದ್ರೆ ಒಂದೂವರೆ ತಿಂಗಳಾದ ಮೇಲೆ ಇವತ್ತು ಊಟ ರುಚಿಸಿತು.

ಡಿಸೆಂಬರ್ 2, ಶುಕ್ರವಾರ

ಒಡಲು ಮುಗೀತು. ಶಿವನೆ ಮರದ್ದು. ಮಡ್‌ಗಾರ್ಡಿಗೆ ಡಾಲ್ಡಾ ಡಬ್ಬದ ತಗಡು, ಮುಂದಿನ ಜಾಲರಿಗೆ ಬಂಗಾರಿಯ ಹಳೇ ಬಾಚಣಿಗೆಯ ಹಲ್ಲು. ಟಯರಿಗೆ ಹಳೇ ಟಯರನ್ನೇ ಕೊಯ್ದು ಉಜ್ಜಿದ್ದು. ಮುಂದಿನ ಗಾಜಿಗೆ ಏನು ಅಂತ ಯೋಚನೆ ಮಾಡ್ತಿದ್ದೆ, ಗೌಡರು ಮುರಿದ ಭುಜದ ಎಕ್ಸ್‌ರೇ ಫಿಲಮು ಕೊಟ್ಟರು. ಬಟ್ಟೆ ಒಗೆಯೋ ಸೋಡಾ ನೀರಲ್ಲಿ ನೆನೆಸಿ ತಿಕ್ಕಿದೆ. ಗೌಡರ ಮೂಳೆಯೆಲ್ಲ ನೀರಿಗೆ ಹೋಗಿ ಗಾಜಿನ ಹಾಗೆ ತಿಳಿಯಾಯ್ತು.

ಇನ್ನು ಸ್ಟಿಯರಿಂಗು. ಟಾರ್ಚ್ ಸೆಲ್ಲಿಗೆ ತಾಮ್ರದ ತಂತಿ ಸುತ್ತಿ, ಬಳೆ ಹಾಗೆ ಬಿಡಿಸಿ ತೆಗೆದು ಬೆಸುಗೆ ಹಾಕಿದೆ.

ಈ ಡಾಜ್ ಎಡಗೈ ಗಾಡಿ. ಜೋಗದಲ್ಲಿ ಕರೆಂಟಿನ ಕೆಲಸಕ್ಕೆ ಬಂದಿದ್ದ ಅಮೇರಿಕದ ಸಾಹೇಬನೊಬ್ಬ ತನ್ನ ಊರಿಂದಲೇ ಹಡಗಲ್ಲಿ ತರಿಸಿಕೊಂಡಿದ್ದು. ಅವರ ಊರಲ್ಲಿ ಬಲಕ್ಕೆ ಹೋಗ್ತಾರಂತೆ, ಅದಕ್ಕೆ ಡ್ರೈವರು ಎಡಕ್ಕೆ ಕೂರಬೇಕು. ವಾಪಸ್ ಹೋಗೋವಾಗ ಗೌಡರಿಗೆ ಮಾರಿಹೋದ. ನಮ್ಮ ಕಡೆ ಎಡಗಡೆ ಸೀಟು ಅಂದ್ರೆ ಸಾಹುಕಾರರದ್ದು. ಹಾಗಾಗಿ ತೀರ್ಥಹಳ್ಳಿ ಬಿಟ್ಟು ಎಲ್ಲಿ ಹೋದ್ರೂ ಇದೇ ಗಲಾಟೆ. ಜನ ನನ್ನ ಕಿಟಕಿಗೆ ಬಂದು ಕೈಮುಗಿಯೋರು. ಬಲಗಡೆ ಕೂತ ಗೌಡರಿಗೆ, "ಡ್ರೈವರೇ, ಗಾಡಿ ಸ್ವಲ್ಪ ಹಿಂದೆ ತಗೊಳ್ರೀ," ಅನ್ನೋರು. ಗೌಡರು ಸಿಟ್ಟಾಗಿ ಹಿಂದಿನ ಸೀಟಲ್ಲಿ ಕೂರೋಕೆ ಶುರು ಮಾಡಿದ್ರು. ಅಪಘಾತದ ದಿನ ಹಿಂದೆ ಬೀಗರ ಮನೆಗೆ ಅಂತ ಬಾಳೆಗೊನೆ ತುಂಬಿದ್ದಕ್ಕೆ ಮುಂದೆ ಕೂತಿದ್ರು.

ಸಾಹುಕಾರನಾಗಿ ಇಪ್ಪತ್ತೊಂದು ವರ್ಷ ಕೈ ಮುಗಿಸಿಕೊಂಡಿದ್ದೀನಿ. ಬರೆಯುವಾಗ ನಗು ಬಂತು. ಬಂಗಾರಿ ಒಳಗಿಂದ, "ಎಂಥಕ್ಕೆ ನಗಾಡ್ತೀರಿ?" ಅಂದಳು.

ಡಿಸೆಂಬರ್ 9, ಶುಕ್ರವಾರ

ಸಾಗರಕ್ಕೆ ಬಸ್ಸಲ್ಲಿ ಹೋಗಿದ್ದೆ. ಆ ಹೆಂಗಸಿನ ಗಂಡ ಪೋಲೀಸರಿಗೆ ಕೊಟ್ಟ ಹೇಳಿಕೆಯನ್ನ ವಕೀಲರು ಓದಿ ಹೇಳಿದ್ರು. ಗಂಡನ ಹೆಸರು ಭೂತಪ್ಪ. ಕೇಸಿಗೆ ಅವನೊಬ್ಬನೇ ಕಣ್ಣಾರೆ ಕಂಡ ಸಾಕ್ಷಿ.

"ನಾನು ಮುಂದೆ, ನನ್ನ ಹೆಂಡತಿ ಹಿಂದೆ, ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದೆವು. ಕಾರಿನ ಸದ್ದು ಕೇಳಿ ತಿರುಗಿ ನೋಡಿದೆ. ಮುಂದಿನ ಸೀಟಿನಲ್ಲಿ ಇಬ್ಬರಿದ್ದರು. ಅಂಚಿನ ಕಡೆ ಕೂತ ಸಾಹುಕಾರರು ತಲೆ ಬಗ್ಗಿಸಿ ಬೀಡಿ ಹಚ್ಚಿಕೊಳ್ಳುತ್ತಿದ್ದರು. ಡ್ರೈವರು ನೇರವಾಗಿ ರಸ್ತೆಯನ್ನೇ ನೋಡುತ್ತಿದ್ದರು."

ವಕೀಲರು ತೊಡೆ ತಟ್ಟಿದ್ರು. "ಸತ್ತವಳ ಗಂಡನೇ ಹೇಳ್ತಿದ್ದಾನೆ, ಡ್ರೈವರು ರಸ್ತೆ ನೋಡ್ತಿದ್ದ ಅಂತ. ಇನ್ನೆಂಥ ಬೇಕು ನಿನಗೆ? ಅವರು ಶರಾವತಿ ಮುಳುಗಡೆಯವರು. ಮನೆ ಗದ್ದೆ ನೀರಲ್ಲಿ ಹೋದ ಮೇಲೆ ಆ ಹೆಂಗಸು ಮಂಕಾಗಿದ್ದಳಂತೆ, ಯಾರ ಹತ್ರಾನೂ ಮಾತಿಲ್ಲವಂತೆ. ತಾನಾಗೇ ಕಾರಿಗೆ ಬಿದ್ದಳು ಅಂತ ವಾದ ಮಾಡ್ತೀನಿ. ನೀನು ಬಾಯಿ ಬಿಡ್ಬೇಡ, ಅಷ್ಟೇ."

ನಾನು ಬಾಯಿ ಬಿಡಲಿಲ್ಲ. ಬಸ್ಸಲ್ಲಿ ಬರುವಾಗ ಮಾತ್ರ ಆ ಹೇಳಿಕೆಯನ್ನೇ ಮತ್ತೆ ಮತ್ತೆ ಮನಸ್ಸಲ್ಲಿ ಹೇಳ್ಕೊಂಡೆ.

ಅಂಚಿನ ಕಡೆ ಕೂತಿದ್ದು ನಾನು. ಭೂತಪ್ಪ ಯಾರನ್ನ ಡ್ರೈವರು ಅಂದ್ಕೊಂಡನೋ ಅವರು ಗೌಡರು. ಯಾರನ್ನ ಸಾಹುಕಾರ ಅಂದ್ಕೊಂಡನೋ ಅದು ನಾನು. ಬೀಡಿ ಹಚ್ತಾ ಇದ್ದಿದ್ದು ನಾನು. ಇಲ್ಲಿ ನಾನೊಬ್ಬನೇ ಓದೋದು, ಇಲ್ಲೂ ಸುಳ್ಳು ಬರೆದ್ರೆ ಏನು ಪ್ರಯೋಜನ? ಮೂರು ಕಡ್ಡಿ ಗೀರಿದೆ. ಎರಡು ಗಾಳಿಗೆ ಆರಿದವು.

ಆದ್ರೂ ಎಷ್ಟು ಹೊತ್ತು ಅದು? ಕಣ್ಣು ಮಿಟುಕಿಸೋ ಹೊತ್ತು. ಬೀಡಿ ಹಚ್ಚದ ಡ್ರೈವರು ಯಾರಿದ್ದಾನೆ ಈ ಜಿಲ್ಲೇಲಿ? ತಿರುವು ಅದು. ಕಣ್ಣು ಬಿಟ್ಕೊಂಡು ಇದ್ದಿದ್ರೂ ಕಾಣ್ತಿರಲಿಲ್ಲ.

ಡಿಸೆಂಬರ್ 10

ಕಾಣ್ತಿರಲಿಲ್ಲ ಅಂತಲೇ ನನ್ನ ಲೆಕ್ಕ.

ಡಿಸೆಂಬರ್ 19, ಸೋಮವಾರ

ಗೌಡರು ಹೇಳಿ ಕಳಿಸಿದ್ರು. ಜಗಲಿ ಮೇಲೆ ಕೂತಿದ್ರು, ಭುಜಕ್ಕೆ ಇನ್ನೂ ಪಟ್ಟಿ. ಕಾರು ತಗೊಂಡು ಹೋಗಿ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದ್ರು. ಕಣ್ಣಲ್ಲಿ ನೀರು ಬಂತು ಅವರಿಗೆ.

"ಹುಲಿಯಾ, ಸ್ಟಿಯರಿಂಗು ಬಲಗಡೆಗೆ ಮಾಡು," ಅಂದ್ರು.

"ಎಡಗಡೆ ಇತ್ತಲ್ಲ ಗೌಡ್ರೇ," ಅಂದೆ.

"ಇತ್ತು. ಈಗ ಎಲ್ಲಿದೆ ಅದು? ಗುಜರಿಯವನು ಕರಗಿಸಿಯಾಯ್ತು. ಪೋಲೀಸಿನವರ ಮಹಜರಲ್ಲಿ ಮುಂಭಾಗ ಪೂರ್ತಿ ಜಖಂ ಅಂತ ಬಿಟ್ರೆ ಬೇರೇನಿಲ್ಲ. ಭೂತಪ್ಪನ ಹೇಳಿಕೆ ವಕೀಲರು ನಂಗೂ ಓದಿ ಹೇಳಿದ್ರು, ಅವರು ಕಾರು ಕಂಡವರಲ್ಲ. ನೀನು ಎಡಕ್ಕೆ ಇಟ್ಕೊಂಡು ಕೋರ್ಟಿಗೆ ಹೋದ್ರೆ, ಹಗ್ಗ ನೀನೇ ಹೊಸೆದುಕೊಂಡು ಹೋದ ಹಾಗೆ. ನಂಗೆ ಭುಜ ಮುರಿದಿದ್ದು ಸಾಕು, ನಿನ್ನನ್ನ ಜೈಲಿಗೆ ಕಳಿಸಿ ಊರಲ್ಲಿ ತಲೆ ಎತ್ತೋಕೆ ನನ್ನಿಂದಾಗಲ್ಲ."

ಗೌಡರು ಪಕ್ಕದಲ್ಲೇ ಇದ್ದವರು. ಮೂರು ಕಡ್ಡಿಯನ್ನೂ ನೋಡಿದವರು. ಆದ್ರೂ ಇವತ್ತಿನವರೆಗೆ ಒಂದು ಮಾತು ಆಡಿಲ್ಲ. ಒಳ್ಳೇತನವೋ ಮತ್ತೊಂದೋ ನಂಗೆ ಗೊತ್ತಾಗಲ್ಲ.

ಮನೆಗೆ ಬಂದು ಎಡಗಡೆಯದ್ದನ್ನ ಕಿತ್ತೆ. ಹೊಸ ತೂತು ಕೊರೆದು ಬಲಗಡೆ ಕೂರಿಸಿದೆ. ಹಳೇ ತೂತಿಗೆ ಮೇಣ ತುಂಬಿ ಬಣ್ಣ ಹಚ್ಚಿದೆ. ಹತ್ತು ನಿಮಿಷದ ಕೆಲಸ. ಹದಿನಾಲ್ಕು ಕಾರಲ್ಲಿ ಒಂದಕ್ಕೂ ಇಂಥದ್ದು ಮಾಡಿದವನಲ್ಲ ನಾನು.

1967 ಜನವರಿ 5, ಗುರುವಾರ

ರಸ್ತೆಯ ಮಾದರಿಗೆ ಅಳತೆ ಬೇಕು ಅಂತ ವಕೀಲರು ಹೇಳಿದ್ದಕ್ಕೆ ಆ ಜಾಗಕ್ಕೆ ಹೋಗಿದ್ದೆ. ಗೌಡರ ಹಳೇ ಕೋಟು ಹಾಕ್ಕೊಂಡು, ಟೇಪು ಹಿಡ್ಕೊಂಡು ಹೊಸನಗರದ ಬಸ್ಸು ಇಳಿದೆ. ಮತ್ತಿಮರದ ಸಿಪ್ಪೆ ಇನ್ನೂ ಹಾಗೇ ಕಿತ್ತುಕೊಂಡಿದೆ.

ಅಳೆದೆ. ಮತ್ತೊಮ್ಮೆ ಅಳೆದೆ. ತಿರುವು ಮುಗಿದ ಮೇಲೆ ಮರದವರೆಗೆ ನೇರ ರಸ್ತೆ. ಇನ್ನೂರ ಎಪ್ಪತ್ತು ಅಡಿ. ತಿರುವಿನಲ್ಲೇ ಆಯ್ತು ಅಂತ ಇಷ್ಟು ದಿನ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ.

ಮರದ ಬುಡದಲ್ಲಿ ಕೂತಿದ್ದೆ. ಮೇಲಿನ ಗುಡಿಸಲಿಂದ ಒಬ್ಬ ಇಳಿದು ಬಂದ. ಐವತ್ತರ ಹತ್ರ ಇರಬೇಕು, ನನ್ನದೇ ವಯಸ್ಸು. ನನ್ನ ಹಣೆಯ ಗಾಯದ ಕಲೆ ನೋಡಿ ನಿಂತ.

"ನೀವು ತೀರ್ಥಹಳ್ಳಿ ಗೌಡ್ರಲ್ವಾ? ಕಾರಲ್ಲಿ ಅಂಚಿಗೆ ಕೂತಿದ್ದೋರು?"

ಭೂತಪ್ಪ. ನಾನು ಅಲ್ಲ ಅನ್ನಲಿಲ್ಲ. ಅದನ್ನೇ ಅವನು ಹೌದು ಅಂದ್ಕೊಂಡ.

"ಬನ್ನಿ ಒಡೆಯಾ, ಬಿಸಿಲಲ್ಲಿ ಯಾಕೆ ಕೂತ್ರಿ," ಅಂತ ಮನೆಗೆ ಕರ್ಕೊಂಡು ಹೋದ. ಸರ್ಕಾರ ಕೊಟ್ಟ ಜಾಗವಂತೆ, ಒಂದು ಸೋಗೆ ಸೂರು. ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟ. ತಾನು ಕೆಳಗೆ ಕೂತ. ನಮ್ಮ ಜನವೇ ಅವನು. ನಾನೂ ದೀವರವನೇ ಕಣೋ, ಪಕ್ಕದಲ್ಲಿ ಕೂತ್ಕೊ ಅನ್ನೋಕೆ ಬಾಯಿ ಬರಲಿಲ್ಲ.

"ನಂಗೆ ಡ್ರೈವರ ಮೇಲೆ ಸಿಟ್ಟಿಲ್ಲ," ಅಂದ. "ಪಾಪ, ಅವರು ನೋಡ್ತಾನೇ ಇದ್ರು. ಒಂದು ಮಾತು ಕೇಳ್ಬೇಕು ನಿಮ್ಮ ಹತ್ರ. ನಮ್ಮ ಹಿರಿಯರೆಲ್ಲ ಸೇರಿ ಹೇಳಿಬಿಟ್ಟಿದ್ದಾರೆ, ಕನ್ನಮ್ಮ ತಾನಾಗೇ ಬಿದ್ದು ಸತ್ತಿದ್ದು, ಹಿರೇರಿಗೆ ಎಡೆ ಇಡುವಾಗ ಅವಳ ಹೆಸರು ಹೇಳಬಾರದು ಅಂತ. ದೀಪಾವಳೀಲಿ ಅವಳಿಗೊಂದು ಎಲೆ ಹಾಕೋಕೆ ಬಿಡಲಿಲ್ಲ. ನೀವು ಹತ್ರದಿಂದ ನೋಡಿದೋರು. ಅವಳಾಗೇ ಬಿದ್ದಳಾ?"

ನಾನು ಗೋಡೆ ನೋಡಿದೆ. ಒಂದು ಬುಟ್ಟಿ ನೇತಾಡ್ತಿತ್ತು, ಒಂದು ಬದಿ ನಜ್ಜಿದೆ. ಅದರಲ್ಲಿ ಸೀಗೆಕಾಯಿ ಇತ್ತಂತೆ ಆ ದಿನ.

"ನಾನು ನೋಡಲಿಲ್ಲ ಮಾರಾಯ. ಬೀಡಿ ಹಚ್ತಾ ಇದ್ದೆ," ಅಂದೆ.

ನೋಡಿ, ಸಾಹುಕಾರನಾಗಿ ಕೂತಾಗ ಎಷ್ಟು ಸಲೀಸಾಗಿ ನಿಜ ಬಾಯಿಗೆ ಬಂತು. ಸಾಹುಕಾರ ಬೀಡಿ ಹಚ್ಚಿದ್ರೆ ತಪ್ಪೇನು?

"ಹೌದು, ನಂಗೆ ಗೊತ್ತು, ನಾನೇ ನೋಡಿದೆನಲ್ಲ," ಅಂದ ಭೂತಪ್ಪ. "ಹಂಗಾದ್ರೆ ಡ್ರೈವರಿಗೊಬ್ಬರಿಗೇ ಗೊತ್ತಿರೋದು. ಕೋರ್ಟಲ್ಲಿ ಅವರನ್ನ ಕೇಳ್ತೀನಿ. ಅವರು ಹೇಳಿದ್ದನ್ನ ನಾನು ಒಪ್ಕೋತೀನಿ."

ಬಸ್ಸಿನವರೆಗೂ ಬಂದು ಹತ್ತಿಸಿ ಹೋದ. ನಾಲ್ಕು ಬಾಳೆಹಣ್ಣು ಕಟ್ಟಿಕೊಟ್ಟಿದ್ದಾನೆ. ಬಂಗಾರಿ ಎಲ್ಲಿಂದ ಬಂತು ಅಂದಳು. ದಾರೀಲಿ ಕೊಂಡೆ ಅಂದೆ.

ಜನವರಿ 6

ಬಾಳೆಹಣ್ಣು ತಿನ್ನೋಕಾಗಲಿಲ್ಲ. ದನಕ್ಕೆ ಹಾಕಿದೆ.

ಜನವರಿ 17, ಮಂಗಳವಾರ. ಸಾಗರ

ಡಾಜ್ ಬಾನೆಟ್ಟಿನ ತುದೀಲಿ ಒಂದು ಟಗರು ಇರ್ತದೆ, ಗುದ್ದೋಕೆ ಹೊರಟ ಹಾಗೆ. ಅಷ್ಟು ಚಿಕ್ಕದು ನನ್ನ ಕೈಲಾಗಲ್ಲ. ನನ್ನ ಹಳೇ ಸ್ನೇಹಿತ ವಿಘ್ನೇಶ್ವರ ಗುಡಿಗಾರ, ಗಂಧದ ಕೆತ್ತನೆಯವನು, ಅದನ್ನ ಗಂಧದ ಚೂರಲ್ಲಿ ಕೆತ್ತಿ ಕೊಟ್ಟ. ಜೋಳದ ಕಾಳಿನಷ್ಟು ದೊಡ್ಡದು, ಕೊಂಬಿನ ಸುರುಳಿಯೂ ಇದೆ.

ಕಾರನ್ನ ನೋಡಿ ಬಹಳ ಹೊಗಳಿದ. ಆಮೇಲೆ, "ಒಂದು ಭಾಗ ಬದಲು ಮಾಡಿದ್ದೀಯಲ್ಲ, ಬಣ್ಣದ ಹೊಳಪು ಬೇರೆ ಇದೆ," ಅಂತ ಮೇಣ ತುಂಬಿದ ಜಾಗಕ್ಕೆ ಉಗುರು ಇಟ್ಟ. ಹಾಳಾದವನ ಕಣ್ಣು. ಎಡಗಡೆ ಇದ್ದಿದ್ದನ್ನ ಬಲಗಡೆಗೆ ಹಾಕಿದ್ದೀನಿ, ಅಷ್ಟೇನೂ ವ್ಯತ್ಯಾಸ ಇಲ್ಲ ಅಂದೆ.

"ಅಷ್ಟೇನೂ ಇಲ್ಲ ಅಂತೀಯಾ? ನಾವು ನಾಲ್ಕು ಕೈಯ ವಿಷ್ಣು ಮಾಡ್ತೀವಿ. ಶಂಖ, ಚಕ್ರ, ಗದೆ, ಪದ್ಮ, ನಾಲ್ಕೇ ವಸ್ತು. ಈ ಕೈಯಿಂದ ಆ ಕೈಗೆ ಕೊಟ್ರೆ ಕೇಶವ ಹೋಗಿ ಇನ್ಯಾರೋ ಆಗ್ತಾನೆ. ಮುಖ ಅದೇ, ಕಿರೀಟ ಅದೇ. ದೇವರೇ ಬೇರೆ."

ಅವನಿಗೆ ಕೇಸಿನ ವಿಷಯ ಏನೂ ಗೊತ್ತಿಲ್ಲ. ಸುಮ್ಮನೆ ಕಸುಬಿನ ಮಾತು ಆಡಿದ. ನಾನು ಅವನ ಮೇಲೆ ರೇಗಿ, ಕಾಫಿ ಬಿಟ್ಟು ಎದ್ದು ಬಂದೆ. ಮೂವತ್ತು ವರ್ಷದ ಸ್ನೇಹ.

ಫೆಬ್ರವರಿ 12, ಭಾನುವಾರ

ಚುನಾವಣೆ ಜೀಪುಗಳ ಕಿರುಚಾಟ. ತಲೆ ಚಿಟ್ಟು ಹಿಡೀತು.

ಬಂಗಾರಿ ಧೂಳು ಹೊಡೆಯೋವಾಗ ಹೊಸ ಕಾರು ಎತ್ತಿ ನೋಡಿದಳು. "ಇದು ಯಾರ ಕಾರು?" ಅಂದಳು. ನಮ್ಮ ಡಾಜ್ ಕಣೇ ಅಂದ್ರೆ, "ನಮ್ಮದರಲ್ಲಿ ನೀವು ಈಚೆ ಬದಿಗೆ ಕೂರ್ತಿದ್ರಲ್ಲ. ಮದುವೆಯಾದ ಹೊಸದರಲ್ಲಿ ನಾನು ತಪ್ಪಿ ನಿಮ್ಮ ಸೀಟಿಗೇ ಹತ್ತಿ ಕೂತು ಬೈಸಿಕೊಂಡಿದ್ದೆ," ಅಂದಳು. ಅವಳಿಗೆ ಎಲ್ಲ ಹೇಳಬೇಕಾಯ್ತು. ಬೀಡಿ ವಿಷಯ, ಭೂತಪ್ಪ, ಕನ್ನಮ್ಮನ ಎಡೆ, ಎಲ್ಲ.

ಅವಳು ಅತ್ತಳು. "ಆ ಕನ್ನಮ್ಮ ವಾಪಸ್ ಬರಲ್ಲ. ನೀವು ಜೈಲಿಗೆ ಹೋದ್ರೆ ನಾನು ಒಬ್ಬಳೇ ಈ ಮನೇಲಿ ಎಂಥ ಮಾಡ್ಲಿ? ಸುಮ್ನಿರಿ, ನಿಮ್ಮ ಕಾಲು ಹಿಡೀತೀನಿ," ಅಂದಳು. ಸುಮ್ನಿರ್ತೀನಿ ಅಂದೆ.

ಅವಳು ಹೊಳೆಗೆ ಹೋದ ಮೇಲೆ ಒಂದು ಕೆಲಸ ಮಾಡಿದೆ. ಮೂವತ್ತು ಮೈಲಿ ವೇಗದಲ್ಲಿ ಗಾಡಿ ಸೆಕೆಂಡಿಗೆ ನಲವತ್ತನಾಲ್ಕು ಅಡಿ ಓಡ್ತದೆ. ಒಂದು ಕಡ್ಡಿ ಗೀರಿ ಬೀಡಿಗೆ ಹಿಡಿಯೋಕೆ ಎರಡು ಸೆಕೆಂಡು. ಮೂರು ಕಡ್ಡಿಗೆ ಆರು. ಅಡಿಗೊಂದು ಇಂಚು ಲೆಕ್ಕದಲ್ಲಿ ಇಪ್ಪತ್ತೆರಡು ಅಡಿ. ಕಾರನ್ನ ಅಡಿಗೆಮನೆ ಗೋಡೆಗೆ ಇಟ್ಟೆ. ಟೇಪು ನಡುಮನೆ ದಾಟಿತು, ಜಗಲಿ ದಾಟಿತು, ಮೆಟ್ಟಿಲಿಗೆ ಹೋಗಿ ನಿಂತಿತು. ಅಲ್ಲಿ ಕನ್ನಮ್ಮ ಅಂತ ಐದೂವರೆ ಇಂಚು ಎತ್ತರದ ಒಂದು ಕಡ್ಡಿ ನೆಟ್ಟೆ. ವಾಪಸ್ ಬಂದು ನೆಲಕ್ಕೆ ಕೆನ್ನೆ ಇಟ್ಟು ಕಾರಿನ ಎಡಗಡೆಯಿಂದ ನೋಡಿದೆ.

ಕಾಣ್ತದೆ. ಅಷ್ಟು ದೂರದಿಂದಲೂ ಸ್ಪಷ್ಟ ಕಾಣ್ತದೆ. ನೇರ ನನ್ನ ಮುಂದೆ, ಅಂಚಲ್ಲಿ. ಅವಳು ಎಲ್ಲೂ ಅಡ್ಡ ಬರಲಿಲ್ಲ. ನಾನು ಬೀಡಿಗೆ ಬಗ್ಗಿದ್ದಕ್ಕೆ ಗಾಡಿ ಅಂಚಿಗೆ ಎಳೀತು.

ಮಾರ್ಚ್ 5, ಭಾನುವಾರ. ಸಾಗರ

ನಾಳೆ ವಿಚಾರಣೆ. ವಕೀಲರ ಮನೆ ಹಿಂದಿನ ಕೋಣೇಲಿ ಇದ್ದೀನಿ. ಹಲಗೆ ಮೇಲೆ ರಸ್ತೆ ತಯಾರು. ಕೆಮ್ಮಣ್ಣು, ಮತ್ತಿಮರಕ್ಕೆ ಒಂದು ಕೊಂಬೆ. ಸ್ಟಿಯರಿಂಗು ಬಲಗಡೆಯೇ ಇದೆ. ವಕೀಲರು ನೋಡಿ ಬೆನ್ನು ತಟ್ಟಿದ್ರು. ಬಂಗಾರಿಗೆ ಮಾತು ಕೊಟ್ಟಿದ್ದೀನಿ. ಎರಡು ವರ್ಷ ಅಂದ್ರೆ ನನ್ನ ವಯಸ್ಸಿಗೆ ಕಡಿಮೆಯಲ್ಲ. ಹೆದರಿಕೆ ಆಗ್ತದೆ.

ಮಾರ್ಚ್ 6

ಆಗಲ್ಲ ಇವತ್ತು ಬರೆಯೋಕೆ.

ಮಾರ್ಚ್ 8, ಬುಧವಾರ. ತೀರ್ಥಹಳ್ಳಿ

ಮೊನ್ನೆ ಭೂತಪ್ಪನನ್ನ ಕಟಕಟೆಗೆ ಕರೆದ್ರು. ಹೊಸ ಪಂಚೆ ಉಟ್ಕೊಂಡು ಬಂದಿದ್ದ. ಡ್ರೈವರನ್ನ ತೋರಿಸು ಅಂದ್ರು ಸರ್ಕಾರಿ ವಕೀಲರು. ಅವನು ಸಲೀಸಾಗಿ ಬೆಂಚಲ್ಲಿ ಕೂತ ಗೌಡರನ್ನ ತೋರಿಸಿದ. ನನ್ನ ಕಡೆ ಕೈಮಾಡಿ, "ಇವರು ಗೌಡ್ರು. ನಮ್ಮನೆಗೆ ಬಂದಿದ್ರು," ಅಂದ.

ಕೋರ್ಟೆಲ್ಲ ನಕ್ಕಿತು. ಮ್ಯಾಜಿಸ್ಟ್ರೇಟರೂ ನಕ್ಕರು. "ಅವನೇ ಡ್ರೈವರಪ್ಪ," ಅಂದ್ರು.

ಭೂತಪ್ಪ ನಗಲಿಲ್ಲ. ನನ್ನ ಮುಖ ನೋಡಿದ. ನಾನು ಅವನ ಚಾಪೆ ಮೇಲೆ ಕೂತು ಬೀಡಿ ಹಚ್ತಾ ಇದ್ದೆ ಅಂದಿದ್ದು ಅವನಿಗೆ ನೆನಪಿತ್ತು. ನಾನೇ ಹೇಳ್ತೀನಿ ಅಂತ ಕಾದ. ನಾನು ನೆಲ ನೋಡಿದೆ.

ನಮ್ಮ ವಕೀಲರು ಕಾರಿನ ಮೇಲಿನ ಬಟ್ಟೆ ತೆಗೆದ್ರು. ಎಲ್ಲ ಕುತ್ತಿಗೆ ಚಾಚಿ ನೋಡಿದ್ರು. ಮ್ಯಾಜಿಸ್ಟ್ರೇಟರು ಬಾಗಿಲು ತೆಗೆದು ಹಾಕಿ, ಅದ್ಭುತ ಅಂದ್ರು. ವಕೀಲರು ಭೂತಪ್ಪನನ್ನ ಮೇಜಿನ ಹತ್ರ ಕರೆಸಿ, "ಇದರಲ್ಲಿ ಡ್ರೈವರು ಎಲ್ಲಿ ಕೂರ್ತಾನೆ ತೋರಿಸು," ಅಂದ್ರು. ಅವನು ಬಗ್ಗಿ, ಬೆರಳ ತುದಿಯಿಂದ ಆ ತಾಮ್ರದ ಚಕ್ರ ಮುಟ್ಟಿದ. ಬಹಳ ಹೊತ್ತು ನೋಡಿದ.

"ಚಕ್ರ ಇಲ್ಲಿದೆ," ಅಂದ. "ಹಂಗಾದ್ರೆ ಇವರು ಇಲ್ಲೇ ಕೂತಿರಬೇಕು. ನನ್ನ ಕಣ್ಣೇ ತಪ್ಪು ಸ್ವಾಮಿ. ಮುಖ ಅದಲು ಬದಲಾಗಿದೆ ನಂಗೆ. ನಮ್ಮನೇಲಿ ಇವರು ಆಡಿದ ಮಾತೂ ನಾನು ತಪ್ಪಾಗಿ ಕೇಳಿರಬೇಕು. ಡ್ರೈವರು ರಸ್ತೆ ನೋಡ್ತಿದ್ರು, ಅದು ಮಾತ್ರ ನಿಜ. ಅಂದ್ಮೇಲೆ ಅವಳೇ ಬಿದ್ದಿರಬೇಕು. ಬರ್ಕೊಳಿ ಸ್ವಾಮಿ, ಅವಳೇ ಬಿದ್ದಳು."

ಅವನು ಕಣ್ಣಾರೆ ಕಂಡಿದ್ದು ನಿಜವಿತ್ತು. ನನ್ನ ಕೈಕೆಲಸ ನೋಡಿ ಅದನ್ನ ಸುಳ್ಳು ಅಂದ.

ಆಮೇಲೆ ನಾನು ಹೆಂಗೆ ಇಳಿದೆ, ಹೆಂಗೆ ಮೇಜಿನ ಹತ್ರ ಹೋದೆ ಗೊತ್ತಿಲ್ಲ. ಪೋಲೀಸಿನವನು ತೋಳು ಹಿಡಿದಿದ್ದ. ಚಕ್ರವನ್ನ ಕಿತ್ತೆ. ಜೊತೆಗೆ ಬಾಗಿಲೂ ಮುರೀತು. ಎಡಗಡೆಯ ಮೇಣವನ್ನ ಉಗುರಲ್ಲಿ ಕೆರೆದು, ಹಳೇ ತೂತಿಗೆ ಚುಚ್ಚಿದೆ.

"ಇಲ್ಲಿತ್ತು ಸ್ವಾಮಿ. ಇದು ಅಮೇರಿಕದ ಎಡಗೈ ಗಾಡಿ. ಭೂತಪ್ಪ ನೋಡಿದ್ದು ಸರಿ, ಅಂಚಿಗೆ ಕೂತಿದ್ದು ನಾನೇ. ಬೀಡಿ ಹಚ್ತಾ ಇದ್ದೆ. ಮೂರು ಕಡ್ಡಿ ಗೀರಿದೆ. ಕನ್ನಮ್ಮ ಬೀಳಲಿಲ್ಲ, ಅವಳ ಪಾಡಿಗೆ ಅವಳು ಅಂಚಲ್ಲಿ ನಡೀತಿದ್ದಳು," ಅಂದೆ.

ಮ್ಯಾಜಿಸ್ಟ್ರೇಟರು ಎಲ್ಲ ಬರೆಸಿಕೊಂಡ್ರು. ಇಪ್ಪತ್ತನೇ ತಾರೀಕು ತೀರ್ಪು. ಜೈಲಂತೂ ಖಂಡಿತ, ಎಷ್ಟು ತಿಂಗಳು ಅನ್ನೋದೊಂದೇ ಬಾಕಿ ಅಂದ್ರು ವಕೀಲರು, ನನ್ನ ಮುಖ ನೋಡದೆ. ಗೌಡರು ನನ್ನನ್ನ ಬಿಟ್ಟು ಟ್ಯಾಕ್ಸಿ ಹತ್ತಿ ಹೋದ್ರು. ಬಂಗಾರಿ ಎರಡು ದಿನದಿಂದ ಅನ್ನ ಬಡಿಸಿಟ್ಟು ಹಿತ್ತಿಲಿಗೆ ಹೋಗಿಬಿಡ್ತಾಳೆ.

ಅವತ್ತು ಸಾಯಂಕಾಲ ಸಾಗರದ ಬಸ್‌ಸ್ಟ್ಯಾಂಡಲ್ಲಿ ಭೂತಪ್ಪ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಹೋಗಿ ಕೂತೆ. ಕೈ ಹಿಡಿದು ಸಮಾಧಾನದ ಒಂದು ಮಾತು ಆಡ್ತಾನೆ ಅಂತ ಒಳಗೊಳಗೇ ಆಸೆ ಇತ್ತು ನಂಗೆ, ಇಲ್ಲ ಅನ್ನಲ್ಲ. ಅವನು ಹೊಸ ಪಂಚೆಯ ಅಂಚನ್ನ ಮೊಣಕಾಲ ಮೇಲೆ ಎಳ್ಕೊಂಡ. ಆಮೇಲೆ ರಸ್ತೆ ನೋಡ್ತಾನೇ ಹೇಳಿದ.

"ಐದು ತಿಂಗಳು ಅವಳಿಗೆ ಬೈದೆ. ದಿನಾ ಒಲೆ ಮುಂದೆ ಕೂತು ಬೈದೆ, ನನ್ನೊಬ್ಬನನ್ನೇ ಬಿಟ್ಟು ಹೋದ್ಯಲ್ಲ ಹಲ್ಕಾ ಹೆಂಗಸೇ ಅಂತ. ಬಾಯಿಗೆ ಬಂದಿದ್ದೆಲ್ಲ ಅಂದೆ. ಅಷ್ಟೂ ನಿಮಗೆ ಬೈಬೇಕಾಗಿತ್ತು."

"ಈಗ ಬೈ ಮಾರಾಯ," ಅಂದೆ.

ಅವನು ನನ್ನ ಕಡೆ ತಿರುಗಿ ಬಾಯಿ ತೆಗೆದ. ಏನೂ ಬರಲಿಲ್ಲ.

"ಎಲ್ಲ ಅವಳಿಗೇ ಖರ್ಚಾಯ್ತು," ಅಂದ.

ಹೊಸನಗರದ ಬಸ್ಸು ಬಂತು. ಹತ್ತಿ, ಆಚೆ ಬದಿಯ ಸೀಟಲ್ಲಿ ಕೂತ. ಬಸ್ಸು ತಿರುಗೋವರೆಗೂ ನಾನು ಅಲ್ಲೇ ನಿಂತಿದ್ದೆ.